ಕೂದಲು ಕಳೆದುಕೊಂಡ ರಾಜನ ಊರಿಗೆ

ಪ್ಯಾರಿಸ್, ಒಂದೇ ಕೋಣೆ

ಚಿಕ್ಕೋಡಿಯಿಂದ ಯುರೋಪಿಗೆ ಹೋಗಿ ಬಂದವರು ಐಫೆಲ್ ಗೋಪುರದ ಮಾತಾಡಬೇಕು. ನನಗೆ ಅದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಅದು ಇದೆ, ಎತ್ತರವಾಗಿದೆ, ಕೆಳಗೆ ಗಾಳಿ ಬಹಳ. ನನಗಿದ್ದ ಆಸೆ ಬೇರೆ ಊರಿನದು.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದವಳು. ಪಠ್ಯದಲ್ಲಿ ಇದ್ದದ್ದಕ್ಕಿಂತ ಇಲ್ಲದ್ದನ್ನು ಹೇಳುವುದರಲ್ಲೇ ನನಗೆ ಹೆಚ್ಚಿನ ಹುರುಪು. ಹಾಗೆ ವರ್ಷ ವರ್ಷವೂ ತಪ್ಪದೆ ಹೇಳುತ್ತಿದ್ದ ಕಥೆ ಮೂರನೆಯ ಚಿಲ್ಡರಿಕ್ ಎಂಬ ಫ್ರಾಂಕರ ರಾಜನದು. ಈಗಿನ ಫ್ರಾನ್ಸ್, ಜರ್ಮನಿಗಳ ನೆಲವನ್ನು ಸಾವಿರದ ಮುನ್ನೂರು ವರ್ಷಗಳ ಹಿಂದೆ ಆಳುತ್ತಿದ್ದ ಮನೆತನ ಅವನದು. ಆ ಮನೆತನದ ರಾಜರು ಕೂದಲು ಕತ್ತರಿಸಿಕೊಳ್ಳುತ್ತಿರಲಿಲ್ಲ. ಉದ್ದ ಕೂದಲೇ ಅವರ ಕಿರೀಟ. ಆದರೆ ಚಿಲ್ಡರಿಕ್‌ನ ಕಾಲಕ್ಕೆ ದರಬಾರು ನಡೆಸುತ್ತಿದ್ದವನು ಅರಮನೆಯ ಕಾರಭಾರಿ ಪೆಪಿನ್. ರಾಜ ಎತ್ತಿನ ಗಾಡಿಯಲ್ಲಿ ಕೂತು ಊರೂರು ಸುತ್ತುತ್ತಿದ್ದ, ಗಾಡಿ ಹೊಡೆಯುವವನು ಒಬ್ಬ ಒಕ್ಕಲಿಗ, ಕೆಲಸವಿಲ್ಲ, ಬೊಗಸೆಯಿಲ್ಲ. ಕೊನೆಗೆ ಪೆಪಿನ್ ಪೋಪನನ್ನು ಕೇಳಿ ಕಳಿಸಿದ: ಅಧಿಕಾರ ಇರುವವನು ರಾಜನೋ, ಹೆಸರು ಇರುವವನು ರಾಜನೋ? ಪೋಪ್ ಅಧಿಕಾರ ಇದ್ದವನೇ ರಾಜ ಎಂದ. ಕ್ರಿ.ಶ. 751ರಲ್ಲಿ ಚಿಲ್ಡರಿಕ್‌ನ ಕೂದಲು ಬೋಳಿಸಿ ಉತ್ತರದ ಒಂದು ಮಠಕ್ಕೆ ತಳ್ಳಿದರು. ಆ ಮಠದ ಹಾಳುಗೋಡೆ ಸೇಂತೊಮೆರ್ ಎಂಬ ಊರಿನಲ್ಲಿ ಇನ್ನೂ ನಿಂತಿದೆ. ಅದನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಹಳೆಯ ಹಂಬಲ.

ಕೊಲ್ಹಾಪುರದ ಕಂಪನಿಯೊಂದರ ಟೂರಿಗೆ ಹೆಸರು ಬರೆಸಿದೆ. ನಮ್ಮವರು "ಮೊಣಕಾಲು ಪಾಸ್‌ಪೋರ್ಟ್ ಕೊಡೂದಿಲ್ಲ" ಎಂದು ಮನೆಯಲ್ಲೇ ಉಳಿದರು. ಗುಂಪಿನಲ್ಲಿ ನಿಪ್ಪಾಣಿಯ ತಂಬಾಕು ವ್ಯಾಪಾರಿಗಳು, ಅಥಣಿ, ಕಾಗವಾಡದ ದ್ರಾಕ್ಷಿ ತೋಟದವರು, ರಾಯಬಾಗದ ಒಬ್ಬ ವಕೀಲ ದಂಪತಿ. ಎಲ್ಲರೂ ಜೋಡಿ ಜೋಡಿ. ಒಂಟಿ ಹೆಂಗಸರು ಇಬ್ಬರೇ ಆದ್ದರಿಂದ ನಮಗೆ ಒಂದೇ ಕೋಣೆ.

ಅವಳ ಹೆಸರು ಸುವರ್ಣಾ. ನಲವತ್ತೈದರ ಆಚೀಚೆ. ಚೀಲ ಬಿಚ್ಚಿದ ಕೂಡಲೇ ಮೊದಲು ತೆಗೆದದ್ದು ಒಂದು ಹಿತ್ತಾಳೆ ತಂಬಿಗೆ. "ಇಲ್ಲಿ ಕಕ್ಕಸದಾಗ ನೀರ ಇರಂಗಿಲ್ಲಂತ್ರಿ, ಬರೇ ಕಾಗದ. ನಮ್ಮಿಂದ ಆಗಂಗಿಲ್ರಿ ಅಕ್ಕೋರ," ಎಂದು ಅದನ್ನು ಒಳಗಿಟ್ಟು ಬಂದಳು. ಆ ತಂಬಿಗೆ ನನ್ನ ಮರ್ಯಾದೆಯನ್ನೂ ಕಾಪಾಡಿತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

"ಯಾವೂರು?" ಎಂದೆ.

"ಐಗಳಿ ಊರಿಗೆ ಕೊಟ್ಟಾರ್ರಿ. ತವರಮನಿ ಬೇಡಕಿಹಾಳ. ನಮ್ಮ ಮನಿಯವರು ದ್ರಾಕ್ಷಿ ಬಳ್ಳಿ ಕತ್ತರಸೂ ಹಂಗಾಮ ಬಿಟ್ಟ ಬರಂಗಿಲ್ಲ ಅಂದ್ರು. ತಮ್ಮ ಹಟಾ ಮಾಡಿ ನನ್ನ ಕಳಿಸ್ಯಾನ."

ಆಮೇಲೆ ಅವಳು ತಮ್ಮನಿಗೆ ವಿಡಿಯೋ ಕಾಲ್ ಹಚ್ಚಿದಳು. "ಮಾಯಪ್ಪಾ, ಮುಟ್ಟಿದ್ನೋ" ಎಂದಳು. ಪರದೆಯ ಮೇಲೆ ಅಗಲ ಮುಖದ ಒಬ್ಬ ಗಂಡಸು, ತಲೆಗೆ ಬಿಳಿ ಟೊಪ್ಪಿಗೆ. ಕಿವಿ ಸ್ವಲ್ಪ ಮುಂದಕ್ಕೆ ಬಾಗಿವೆ. ಆ ಕಿವಿಗಳನ್ನು ನಾನು ಬಲ್ಲೆ. ಹಾಸಿಗೆಯ ಮೇಲಿಂದ ಎದ್ದು ಪರದೆಗೆ ಕಾಣದಂತೆ ಕಿಟಕಿಯ ಕಡೆ ಹೋಗಿ ನಿಂತೆ.

ಫೋನು ಇಟ್ಟ ಮೇಲೆ, ತಮ್ಮ ಎಲ್ಲಿ ಕಲಿತ ಎಂದು ಕೇಳಿದೆ. ಕೇಳಬಾರದಿತ್ತು.

"ಚಿಕ್ಕೋಡ್ಯಾಗರಿ. ಒಂಬತ್ತನೇ ಇಯತ್ತೆಗೇ ಸಾಲಿ ಅರ್ಧಕ್ಕ ಬಿಟ್ಟ." ಸೀರೆ ಮಡಿಸುತ್ತ ಅವಳು ಕೇಳಿದಳು, "ನೀವ ಎಲ್ಲಿ ಕಲಸ್ತಿದ್ರಿ?"

"ನಿಪ್ಪಾಣಿ," ಎಂದೆ.

ನೌಕರಿಯ ಮೊದಲೆರಡು ವರ್ಷ ನಿಪ್ಪಾಣಿಯಲ್ಲಿದ್ದದ್ದು ನಿಜ. ಉಳಿದದ್ದೆಲ್ಲ ಚಿಕ್ಕೋಡಿ. "ಸುಳ್ಳು ಹೇಳಬಾರದು" ಎಂದು ಮಕ್ಕಳಿಂದ ನೂರು ಸಲ ಬರೆಸಿದವಳು ನಾನು.

ಚಿಕ್ಕೋಡಿ, ಇಪ್ಪತ್ತೈದು ವರ್ಷ ಹಿಂದೆ

ಪ್ರವಾಸದ ಬರಹದಲ್ಲಿ ನಮ್ಮೂರು ಯಾಕೆ ಎನ್ನಬೇಡಿ. ಪ್ಯಾರಿಸ್ಸಿನ ಆ ಕೋಣೆಯಲ್ಲಿ ನಾನು ಇದ್ದದ್ದು ಇಲ್ಲಿಯೇ.

ನನ್ನ ಒಂಬತ್ತನೆಯ ತರಗತಿಯಲ್ಲಿದ್ದ ಮಾಯಪ್ಪನಿಗೆ ಭುಜ ಮುಟ್ಟುವ ಕೂದಲಿತ್ತು. ಅದನ್ನು ಹಿಂದೆ ಗಂಟು ಕಟ್ಟಿ ಮೇಲೆ ಟೊಪ್ಪಿಗೆ ಹಾಕಿ ಬರುತ್ತಿದ್ದ. ನಮ್ಮ ಕಡೆ ಗಂಡುಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಮಗನ ಕೂದಲನ್ನು ಚಿಂಚಲಿ ಮಾಯಕ್ಕನಿಗೆ ಹರಕೆ ಹೊರುತ್ತಾರೆ. ಹೆಸರೂ ಅವಳದೇ ಇಡುತ್ತಾರೆ. ಹೇಳಿದ ವಯಸ್ಸಿಗೆ ದೇವಿಯ ಮುಂದೆಯೇ ಕೂದಲು ಇಳಿಸಬೇಕು. ಬೇಡಕಿಹಾಳದ ಬಸ್ಸು ತಡವಾಗಿ ಅವನು ದಿನಾ ಹತ್ತು ನಿಮಿಷ ಕಳೆದೇ ಬರುತ್ತಿದ್ದ. ಅವನ ಅಪ್ಪ ಚಕ್ಕಡಿಯಲ್ಲಿ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದ. ಉದ್ದ ಕೂದಲು, ಎತ್ತಿನ ಗಾಡಿ, ಮೇಲೆ ತಡ. ನನಗೆ ಇನ್ನೇನು ಬೇಕು? "ಬರ್ರಿ ಚಿಲ್ಡರಿಕ್ ಮಹಾರಾಜರು" ಎಂದು ಕರೆದೆ. ತರಗತಿ ನಕ್ಕಿತು. ಮಕ್ಕಳು ನಕ್ಕರೆ ನನಗೆ ಪಾಠ ಚೆನ್ನಾಗಿ ಆಯಿತೆಂಬ ಹಿಗ್ಗು.

ಒಂದು ದಿನ ಚಿಲ್ಡರಿಕ್‌ನ ಕೂದಲು ಕತ್ತರಿಸುವ ಭಾಗಕ್ಕೆ ಬಂದಿದ್ದೆ. ಹೆಣಿಗೆ ಹೊಲಿಗೆ ಕ್ಲಾಸಿನ ಕತ್ತರಿ ಮೇಜಿನ ಮೇಲಿತ್ತು. ಮಾಯಪ್ಪನನ್ನು ಮುಂದೆ ಕರೆದೆ. ರಾಜ್ಯ ಹೇಗೆ ಹೋಗುತ್ತದೆ ಎಂದು ತೋರಿಸುತ್ತೇನೆ ಎಂದೆ. ಟೊಪ್ಪಿಗೆ ತೆಗೆದೆ.

ಅವನು ಎರಡೂ ಕೈಗಳಿಂದ ಗಂಟು ಹಿಡಿದುಕೊಂಡು, "ಅಕ್ಕೋರ, ದೇವರ ಕೂದಲಾ ಅದಾವ್ರಿ," ಎಂದ.

ಬೇರೆ ಯಾರೇ ಆಗಿದ್ದರೂ ಇಲ್ಲಿ ಕ್ಷಣ ನಿಲ್ಲುತ್ತಿದ್ದರು. ನಾನು ನಿಲ್ಲಲಿಲ್ಲ. ನನಗೆ ಆಗ ಮೂಢನಂಬಿಕೆಯ ಮೇಲೆ ಬಹಳ ಸಿಟ್ಟು. "ದೇವರು ಸಾಲೆಗೆ ಬರೂದಿಲ್ಲ, ನೀ ಬರ್ತಿ," ಎಂದು ಅವನ ಕೈ ಸರಿಸಿ ಗಂಟನ್ನು ಕತ್ತರಿಸಿದೆ. ತರಗತಿ ಬಿದ್ದು ಬಿದ್ದು ನಕ್ಕಿತು. ನೆಲದ ಮೇಲೆ ಬಿದ್ದ ಕೂದಲನ್ನು ಅವನೇ ಗುಡಿಸಬೇಕೆಂದೆ. ಅವನು ಕಸಬರಿಗೆ ಮುಟ್ಟಲಿಲ್ಲ. ಮಂಡಿಯೂರಿ ಒಂದೊಂದೇ ಎಳೆ ಆರಿಸಿ ಇತಿಹಾಸದ ನೋಟುಬುಕ್ಕಿನ ಹಾಳೆಯಲ್ಲಿ ಸುತ್ತಿಕೊಂಡ. ಗಂಟೆ ಹೊಡೆಯುವವರೆಗೂ ಆರಿಸಿದ. ಮರುದಿನದಿಂದ ಶಾಲೆಗೆ ಬರಲಿಲ್ಲ. ಎರಡು ತಿಂಗಳಾದ ಮೇಲೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿಗೆ ಅಡ್ಡ ಗೆರೆ ಎಳೆದವಳೂ ನಾನೇ.

ಸೇಂ ದೆನಿ

ಪ್ಯಾರಿಸ್ಸಿನ ಪಕ್ಕದಲ್ಲಿ ಸೇಂ ದೆನಿ ಎಂಬ ಚರ್ಚು ಇದೆ. ಫ್ರಾನ್ಸಿನ ರಾಜರ ಮಸಣ ಎಂದರೂ ಆದೀತು. ಕಲ್ಲಿನ ರಾಜರಾಣಿಯರು ಸಾಲಾಗಿ ಅಂಗಾತ ಮಲಗಿದ್ದಾರೆ, ಕೈ ಮುಗಿದುಕೊಂಡು. ನಮ್ಮ ಗುಂಪಿನವರು ಹತ್ತು ನಿಮಿಷದಲ್ಲಿ ನೋಡಿ ಮುಗಿಸಿ ಹೊರಗೆ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದರು. ಟೂರ್ ಮ್ಯಾನೇಜರ್ "ಚಲಾ ಕಾಕೂ, ಚಲಾ" ಎಂದು ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಅವಸರಿಸುತ್ತಿದ್ದ.

"ಪಾಪ, ಎಲ್ಲಾರೂ ಬೂಟ ಹಾಕ್ಕೊಂಡ ಮಕ್ಕೊಂಡಾರ," ಎಂದಳು ಸುವರ್ಣಾ. "ಇವರಾಗ ನಿಮ್ಮ ರಾಜಾ ಯಾವಂವ್ರಿ?"

ಸೇಂತೊಮೆರ್‌ಗೆ ಯಾಕೆ ಹೋಗಬೇಕು ಎಂದು ಅವಳಿಗೆ ಅರ್ಧಂಬರ್ಧ ಹೇಳಿದ್ದೆ. ಪೆಪಿನ್ ಇದ್ದಾನೆ ಎಂದು ತೋರಿಸಿದೆ, ಹೆಂಡತಿಯ ಪಕ್ಕದಲ್ಲಿ. ಚಿಲ್ಡರಿಕ್ ಇಲ್ಲ. ಅವನ ಗೋರಿ ಎಲ್ಲೂ ಇಲ್ಲ.

"ಕಸಗೊಂಡಾಂವ ಒಳಗ, ಕಳಕೊಂಡಾಂವ ಹೊರಗ," ಎಂದಳು. "ಆ ರಾಜಾ ಅಷ್ಟ ಆಳಶಿ ಇದ್ದ ಅಂತ ಬರದಾಂವ ಯಾರ್ರಿ?"

ಪೆಪಿನ್‌ನ ಮಗನ ಆಸ್ಥಾನದಲ್ಲಿ ಅನ್ನ ಉಂಡವನು ಬರೆದದ್ದು ಎಂದೆ. ಎತ್ತಿನ ಗಾಡಿ ಸೋಮಾರಿತನದ್ದಲ್ಲ, ಜನರ ಅಹವಾಲು ಕೇಳಲು ರಾಜ ಊರೂರಿಗೆ ಹೋಗುತ್ತಿದ್ದ ಹಳೆಯ ಪದ್ಧತಿ ಇರಬಹುದು ಎಂದು ಕೆಲವರು ಹೇಳುವುದನ್ನು ನಾನು ಓದಿದ್ದೆ. ಓದಿದ ಮೇಲೂ ಕ್ಲಾಸಿನಲ್ಲಿ ಹೇಳಿರಲಿಲ್ಲ. ಅದನ್ನು ಹೇಳಿದರೆ ಯಾರೂ ನಗುತ್ತಿರಲಿಲ್ಲ.

"ಹಂಗಾದ್ರ ಅದು ಸವತಿ ಕೊಟ್ಟ ಸಾಕ್ಷಿ ಆತಲ್ರಿ," ಎಂದು ಸುವರ್ಣಾ ಹೊರಗೆ ನಡೆದಳು.

ತಪ್ಪು ರೈಲು

ಆರನೆಯ ದಿನ ನಮಗೆ ಬಿಡುವು. ಉಳಿದವರೆಲ್ಲ ಅಂಗಡಿ ಸುತ್ತಲು ಹೊರಟರು. ನಾನು ಒಬ್ಬಳೇ ಸೇಂತೊಮೆರ್‌ಗೆ ಹೋಗುವ ಧೈರ್ಯ ಸಾಲದೆ ಕೂತಿದ್ದೆ. "ನಾ ಬರ್ತೀನಿ ನಡೀರಿ. ಅತ್ತರದ ಬಾಟಲಿ ನೋಡಿ ನೋಡಿ ತಲಿ ಹಿಡದೈತಿ," ಎಂದು ಸುವರ್ಣಾ ರೊಟ್ಟಿಯ ಗಂಟು ಕಟ್ಟಿಕೊಂಡಳು. ಅವಳು ಬರದಿದ್ದರೆ ಸಾಕೆಂದು ಒಳಗೊಳಗೆ ಅನ್ನಿಸಿತ್ತು. ಅದನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ.

ನಡುವೆ ಒಂದು ಕಡೆ ರೈಲು ಬದಲಿಸಬೇಕು. ಬೋರ್ಡು ಓದುವುದು, ಇಂಗ್ಲಿಷು, ನಕ್ಷೆ ಎಲ್ಲ ನನ್ನ ಜವಾಬ್ದಾರಿ, ಏಕೆಂದರೆ ಕಲಿತವಳು ನಾನು. ಠೀವಿಯಿಂದ ಅವಳನ್ನು ಒಂದು ಡಬ್ಬಿಗೆ ಹತ್ತಿಸಿದೆ. ಹತ್ತು ನಿಮಿಷ ಕಳೆದಿರಲಿಲ್ಲ, "ಅಕ್ಕೋರ, ನಾವ ಉತ್ತರಕ್ಕ ಹೊಂಟಿದ್ವಿ. ಮುಂಜಾನಿ ಬಿಸಿಲ ಬಲಕ್ಕಿತ್ತು. ಈಗ ಎಡಕ್ಕ ಬಂದೈತಿ," ಎಂದಳು. ಮುಂದಿನ ಸಣ್ಣ ನಿಲ್ದಾಣದಲ್ಲಿ ಇಳಿದು ನೋಡಿದರೆ, ಹೌದು, ಬಂದ ದಾರಿಯಲ್ಲೇ ಮರಳಿ ಹೊರಟಿದ್ದೆವು.

ಅಲ್ಲಿ ಟಿಕೆಟ್ ಕಿಟಕಿಯ ಒಳಗೆ ಕೂತ ಮನುಷ್ಯನಿಗೆ "ಸೇಂತೊಮೆರ್?" ಎಂದೆ. ಅವನು ನನ್ನನ್ನೇ ನೋಡುತ್ತ "ಬೊಂಜೂರ್" ಎಂದ. ಮತ್ತೆ ಕೇಳಿದೆ. ಮತ್ತೆ "ಬೊಂಜೂರ್". ಮೊದಲು ನಮಸ್ಕಾರ ಹೇಳದೆ ಅವರು ದಾರಿ ಕೂಡ ಹೇಳುವುದಿಲ್ಲ. ನಮ್ಮ ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರನಿಗೆ ನಮಸ್ಕಾರ ಹೇಳಿದರೆ ಅವನಿಗೆ ಅನುಮಾನ ಬರುತ್ತದೆ. ನಾನೂ ಬೊಂಜೂರ್ ಎಂದ ಕೂಡಲೇ ಅವನ ಮುಖ ಅರಳಿತು, ಎದ್ದು ಬಂದು ಎದುರಿನ ಪ್ಲಾಟ್‌ಫಾರ್ಮಿಗೆ ಬಿಟ್ಟು ಹೋದ.

ರೈಲಿನ ಕಿಟಕಿಯ ಹೊರಗೆ ಹೊಲದ ಬದುಗಳಲ್ಲಿ ಮಣ್ಣು ಮೆತ್ತಿದ ದಪ್ಪ ಗಡ್ಡೆಗಳ ರಾಶಿ ಮನೆಯೆತ್ತರ ಬಿದ್ದಿತ್ತು. ಸಕ್ಕರೆ ಮಾಡುವ ಬೀಟು ಎಂದು ವಿವರಿಸಿದೆ.

"ಇವರ ಸಕ್ಕರಿ ನೆಲದಾಗ ಐತೇನ್ರಿ," ಎಂದು ಅವಳು ಗಾಜಿಗೆ ಹಣೆ ಹಚ್ಚಿ ನೋಡಿದಳು. "ನಮ್ಮಪ್ಪಗ ತೋರಸಬೇಕಿತ್ತು. ಚಕ್ಕಡ್ಯಾಗ ಕಬ್ಬ ಹೊಡದ ಹೊಡದ ಸತ್ತ ಹೋದ. ಮಾಯಪ್ಪ ಸಾಲಿ ಬಿಟ್ಟ ಮರುವಾರಾನ ಅಪ್ಪನ ಕೂಡ ಗಾಡಿ ಏರಿದ."

ಆಗಲೇ ಹೇಳಬಹುದಿತ್ತು. ಡಬ್ಬಿಯಲ್ಲಿ ಕನ್ನಡ ತಿಳಿಯುವವರು ಇನ್ನಾರೂ ಇರಲಿಲ್ಲ. ನಾನು ಬೀಟಿನಿಂದ ಸಕ್ಕರೆ ತೆಗೆಯುವ ಕ್ರಮವನ್ನು ಹೇಳುತ್ತ ಕೂತೆ.

ಸೇಂತೊಮೆರ್

ಮಠದ್ದು ಎಂದು ಉಳಿದಿರುವುದು ಕೆಲವು ಗೋಡೆ, ಕೆಲವು ಕಮಾನು. ಮೇಲೆ ಚಾವಣಿ ಇಲ್ಲ, ಒಳಗೆ ಹುಲ್ಲು. ಆ ಗೋಡೆಗಳೂ ಚಿಲ್ಡರಿಕ್ ಸತ್ತು ನೂರಾರು ವರ್ಷಗಳಾದ ಮೇಲೆ ಕಟ್ಟಿದವು. ಅವನು ಕಂಡ ಕಲ್ಲು ಅಲ್ಲಿ ಒಂದೂ ಇಲ್ಲದಿರಬಹುದು. ಇಷ್ಟು ದೂರ ಬಂದು ಈ ಮಾತನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು.

ಎದುರಿನ ಬೆಂಚಿನ ಮೇಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ನಾಯಿ ಹಿಡಿದು ಹೊರಟ ಒಬ್ಬ ಮುದುಕ ನಿಂತು, ಟೊಪ್ಪಿಗೆ ಮುಟ್ಟಿ, ಚೆನ್ನಾಗಿ ಉಣ್ಣಿ ಎಂಬರ್ಥದ ಮಾತು ಹೇಳಿ ಹೋದ. ಗುರುತಿಲ್ಲ, ಪರಿಚಯವಿಲ್ಲ. ಸುವರ್ಣಾ ಅವನ ಬೆನ್ನಿಗೆ "ಬರ್ರೀ, ಊಟ ಮಾಡ್ರಿ" ಎಂದು ಕರೆದಳು.

ಆಮೇಲೆ, "ಇಲ್ಲಿಗೆ ತಂದ ಏನ ಮಾಡಿದ್ರು ಆ ರಾಜಾಗ?" ಎಂದು ಕೇಳಿದಳು.

"ಬೋಳಿಸಿ ಸನ್ಯಾಸಿ ಮಾಡಿ ಕೂಡಿಸಿದ್ರು. ಮಗನ್ನ ಬೇರೆ ಮಠಕ್ಕ ಕಳಿಸಿದ್ರು. ನಾಲ್ಕೈದು ವರ್ಷಕ್ಕ ಸತ್ತ ಅಂತಾರ. ಅಷ್ಟ ಗೊತ್ತು."

"ಕೂದಲಾ ಮತ್ತ ಬೆಳೀಲಿಲ್ಲೇನ್ರಿ?"

ಇಷ್ಟು ವರ್ಷ ಈ ಕಥೆ ಹೇಳಿದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಬೆಳೆದಿರಲೇಬೇಕು. ಬೆಳೆದಂತೆಲ್ಲ ಯಾರೋ ಒಬ್ಬರು ಬಂದು ಮತ್ತೆ ಬೋಳಿಸಿರಬೇಕು. ನಾನು ಒಂದೇ ಸಲ ಕತ್ತರಿಸಿ ನಗಿಸಿ ಮುಗಿಸುತ್ತಿದ್ದ ಕಥೆಯೊಳಗೆ ಒಬ್ಬ ಮನುಷ್ಯ ಸಾಯುವವರೆಗೂ ತಲೆ ಬಗ್ಗಿಸಿ ಕೂತಿದ್ದ.

ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. "ಸುವರ್ಣಾ," ಎಂದೆ, "ನಾ ನಿಪ್ಪಾಣಿ ಅಂತ ಹೇಳಿದ್ದು ಸುಳ್ಳು. ನಿನ್ನ ತಮ್ಮನ ಕೂದಲಾ ಕತ್ತರಿಸಿದಾಕಿ ನಾನ."

ಅವಳು ಚಟ್ನಿಯ ಡಬ್ಬಿಯ ಮುಚ್ಚಳ ಹಾಕಿದಳು. ಅವಸರ ಮಾಡಲಿಲ್ಲ.

"ಗೊತ್ತೈತ್ರಿ. ಟೂರಿನವರು ಹೆಸರಿನ ಯಾದಿ ಕಳಿಸಿದ್ರಲ್ಲ, ಅದರಾಗ ನಿಮ್ಮ ಹೆಸರ ನೋಡಿದ್ನಿ. ಒಂದ ರೂಮ ಕೊಡ್ರಿ ಅಂತ ನಾನ ಫೋನ್ ಹಚ್ಚಿ ಕೇಳಿದ್ನಿ. ಎಂಥಾ ಹೆಣಮಗಳಿರಬೇಕು ನೋಡೂಣು ಅಂತ. ನೀವಾಗೇ ಹೇಳ್ತೀರೇನು ಅಂತ ಆರ ದಿನಾ ಕಾದ್ನಿ."

ಆ ಆರು ದಿನವೂ ಅವಳು ನನಗೆ ಮೊದಲು ಸ್ನಾನಕ್ಕೆ ಬಿಟ್ಟಿದ್ದಳು, ನನ್ನ ಚೀಲ ಹೊತ್ತಿದ್ದಳು. ನಾನು ಜಾಣೆಯಂತೆ ತಪ್ಪಿಸಿಕೊಂಡೆ ಎಂದುಕೊಂಡಿದ್ದಾಗೆಲ್ಲ ಅವಳು ನೋಡುತ್ತಲೇ ಇದ್ದಳು.

"ಅವ ಆರಿಸ್ಕೊಂಡ ಬಂದ ಕೂದಲಾ ನಮ್ಮವ್ವ ಚಿಂಚಲಿಗೆ ಒಯ್ದಳು," ಎಂದು ಸುವರ್ಣಾ ಮುಂದುವರಿಸಿದಳು. "ಬಿದ್ದ ಕೂದಲಾ ನಡಿಯಂಗಿಲ್ಲ, ದೇವಿ ಮುಂದ ಇಳಿಸಿದ್ದ ಬೇಕು ಅಂದ್ರಂತ. ಇವನ ತಲ್ಯಾಗ ಏನ ಉಳದಿತ್ತು? ಮೊದಲ ಹುಟ್ಟಿ ಸತ್ತ ಎರಡ ಗಂಡಮಕ್ಕಳಂಗ ಇವನೂ ಹೋದ್ರ ಅಂತ ಅವ್ವಗ ಹೆದರಿಕಿ. ಅವನ ಬದಲಿ ದೇವಿ ಮುಂದ ತಾನ ಕುಂತ ತನ್ನ ತಲಿ ಬೋಳಿಸ್ಕೊಂಡಳು. ನಮ್ಮಪ್ಪ ಗಟ್ಟಿಮುಟ್ಟ ಇದ್ದ ಆಗ. ಗಂಡ ಇರೂಮುಂದ ತಲಿ ಬೋಳಿಸಿದಾಕಿ ಅಂತ ಊರಾಗ ಅರಿಶಿನ ಕುಂಕುಮಕ್ಕ ಕರೀಲಿಲ್ರಿ ಆಕೀನ್ನ. ಒಂದ ವರ್ಷಲ್ಲ, ಎರಡ ವರ್ಷಲ್ಲ."

ಗಂಡ ಬದುಕಿರುವಾಗ ತಲೆ ಬೋಳಿಸಿಕೊಂಡ ಹೆಂಗಸು ನಮ್ಮ ಊರುಗಳಲ್ಲಿ ಹೇಗೆ ಓಡಾಡಿರಬೇಕು ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಬ್ಬದ ದಿನ ಕುಂಕುಮಕ್ಕೆ ಕರೆಯಲು ಬಂದ ಹೆಂಗಸರು ಅವಳ ಬಾಗಿಲು ದಾಟಿ ಪಕ್ಕದ ಮನೆಗೆ ಹೋಗಿರುತ್ತಾರೆ. ನಾನು ನಾಚಿದೆ ಎಂದರೆ ಅದು ಸಣ್ಣ ಮಾತು. ನನಗೆ ನನ್ನ ಕೈಗಳನ್ನು ನೋಡಲು ಆಗಲಿಲ್ಲ.

"ನನ್ನ ಕ್ಷಮಿಸು," ಎಂದೆ.

"ನನಗ ಹೇಳಿದ್ರ ಏನ ಬಂತು," ಎಂದು ಅವಳು ಗಂಟು ಕಟ್ಟಿಕೊಂಡು ಎದ್ದಳು. "ಊರಿಗೆ ಬರ್ರಿ. ಅವ್ವ ಅದಾಳ."

ಮರಳುವ ರೈಲಿನಲ್ಲಿ ಅವಳೇ ಬೋರ್ಡು ನೋಡಿ ಹತ್ತಿಸಿದಳು. ಆಮೇಲೆ ನಾವು ಇನ್ನೂ ನಾಲ್ಕು ದೇಶ ನೋಡಿದೆವಂತೆ. ಹಿಮ ಇತ್ತು, ಸರೋವರ ಇತ್ತು. ನನಗೆ ಒಂದೂ ನೆಟ್ಟಗೆ ನೆನಪಿಲ್ಲ.

ಬೇಡಕಿಹಾಳ

ಪಾಸ್‌ಪೋರ್ಟ್ ಬೇಡದ ಈ ಕೊನೆಯ ಊರಿಗೆ ಹೋಗಲು ನನಗೆ ಹದಿನೈದು ದಿನ ಬೇಕಾಯಿತು. ಒಮ್ಮೆ ಬಸ್ ಸ್ಟ್ಯಾಂಡಿನವರೆಗೆ ಹೋಗಿ ತಿರುಗಿ ಬಂದೆ. ನಮ್ಮವರಿಗೆ ಜ್ವರ ಬಂದಂತಿದೆ ಎಂದು ಸುವರ್ಣಾಳಿಗೆ ಫೋನಿನಲ್ಲಿ ನೆಪ ಹೇಳಿದೆ. ಜ್ವರ ಇದ್ದದ್ದು ನನಗೆ, ಅಂಜಿಕೆಯದು.

ಸುವರ್ಣಾ ಐಗಳಿಯಿಂದ ಬಂದು ಬಾಗಿಲಲ್ಲೇ ನಿಂತಿದ್ದಳು. ಪಡಸಾಲೆಯಲ್ಲಿ ಅವಳ ತಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ತಲೆಯ ಮೇಲೆ ಸೆರಗು ಹಣೆಯವರೆಗೆ ಎಳೆದಿತ್ತು. ನಾನು ಅವರ ಮುಂದೆ ನೆಲದ ಮೇಲೆ ಕೂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಬಾಯಿಗೆ ಬಂದದ್ದು ಇಷ್ಟೇ: "ಅವ್ವಾ, ಆ ಸಾಲಿ ಅಕ್ಕೋರ ನಾನ. ಹುಡುಗ ದೇವರ ಕೂದಲಾ ಅಂತ ಹೇಳಿದ್ದ. ಕೇಳಿನೂ ಕತ್ತರಿಸಿದ್ನಿ."

ಅವರು ಕೈ ನಿಲ್ಲಿಸಲಿಲ್ಲ. ಎರಡು ಸಲ ಮೊರ ಕೇರಿದ ಮೇಲೆ, "ಕೂದಲಾ ಬೆಳದುವ್ರಿ ಅಕ್ಕೋರ, ನನ್ನೂವೂ ಬೆಳದು, ಅವನೂವೂ ಬೆಳದು," ಎಂದರು. "ಸಾಲಿ ಹೋತಲ್ಲ, ಅದು ಮತ್ತ ಬರಲಿಲ್ಲ. ಭಾಳ ಶಾಣ್ಯಾ ಇದ್ದ ಅಂವ." ಮಗಳ ಕಡೆ ತಿರುಗಿ "ಚಾ ಇಡು" ಎಂದರು.

ಅಷ್ಟರಲ್ಲಿ ಮಾಯಪ್ಪ ಹೊಲದಿಂದ ಬಂದ. ನನ್ನನ್ನು ನೋಡಿ ಒಂದು ಗಳಿಗೆ ಹೊಸ್ತಿಲಲ್ಲೇ ನಿಂತ. ಆಮೇಲೆ, ಏನು ಹೇಳಲಿ, ಒಂಬತ್ತನೆಯ ಇಯತ್ತೆಯ ಹುಡುಗನಂತೆ ಎರಡೂ ಕೈ ಕಟ್ಟಿ ನಿಂತ. ಕೂಡು ಎಂದರೂ ಕೂಡಲಿಲ್ಲ. ನಾನೇ ಎದ್ದು ನಿಂತೆ. ತಾಯಿಗೆ ಹೇಳಿದ್ದನ್ನೇ ಅವನಿಗೂ ಹೇಳಿದೆ. ನೀನು ಸೋಮಾರಿಯಲ್ಲ, ನಾನು ಹಾಗೆಂದು ಆಡಿಕೊಂಡ ಆ ರಾಜ ಸೋಮಾರಿ ಎಂಬುದಕ್ಕೂ ಅವನ ವೈರಿಗಳ ಮಾತು ಬಿಟ್ಟರೆ ಸಾಕ್ಷಿ ಇಲ್ಲ ಎಂದೆ. ಕೊನೆಗೆ, ನನ್ನಿಂದ ಏನಾದರೂ ಆಗುವುದಿದ್ದರೆ ಹೇಳು ಎಂದೆ.

ಅವನು ಕಟ್ಟಿದ್ದ ಕೈ ಬಿಟ್ಟ.

"ನೀವ ನನ್ನ ಮುಂದ ಹೇಳಿದ್ರಿ, ಅವ್ವನ ಮುಂದ ಹೇಳಿದ್ರಿ, ಛಲೋ ಆತ್ರಿ," ಎಂದ. "ಆದ್ರ ಅವತ್ತ ಕ್ಲಾಸಿನ್ಯಾಗ ಅಷ್ಟೂ ಮಂದಿ ನಕ್ಕಿದ್ರಲ್ರಿ. ಇವತ್ತೂ ಚಿಕ್ಕೋಡಿ ಪ್ಯಾಟ್ಯಾಗ ಭೆಟ್ಟಿ ಆದ್ರ ಚಿಲ್ಡರಿಕ್ ಅಂತಾರ. ನನ್ನ ಮಗನ ಮುಂದ ಅಂತಾರ. ಅವರಿಗೆಲ್ಲಾ ಹೇಳ್ತೀರೇನ್ರಿ?"

ಹೇಳುತ್ತೇನೆ ಎಂದು ಒಪ್ಪಿಕೊಂಡು ಬಂದೆ. ಮೊದಲು ಒಬ್ಬೊಬ್ಬರ ಮನೆ ಹುಡುಕಿಕೊಂಡು ಹೋಗಬೇಕೆಂದುಕೊಂಡೆ. ಆದರೆ ಅವರಲ್ಲಿ ಕೆಲವರು ಪುಣೆಗೆ ಹೋಗಿದ್ದಾರೆ, ಕೆಲವರು ಸಾಂಗಲಿಗೆ, ಹುಡುಗಿಯರು ಕೊಟ್ಟ ಊರುಗಳಲ್ಲಿದ್ದಾರೆ. ಅದಕ್ಕೆ ಇದನ್ನು ಬರೆದೆ. ಪ್ರವಾಸದ ಕಥೆ ಎಂದರೆ ನಾಲ್ಕು ಜನ ಓದುತ್ತಾರೆ.

ನನ್ನ ಒಂಬತ್ತನೆಯ ಇಯತ್ತೆಯ ಮಕ್ಕಳೇ, ಮಾಯಪ್ಪ ಎದುರಿಗೆ ಸಿಕ್ಕರೆ ಅವನ ಹೆಸರು ಹಿಡಿದು ಕರೆಯಿರಿ. ಅಂದು ನೀವು ನಕ್ಕದ್ದಕ್ಕೆ ನಿಮ್ಮನ್ನು ಬಯ್ಯುವುದಿಲ್ಲ. ನಗಿಸಿದವಳು ನಾನು.